ಮೂರು ಬೆರಳು ಹೋಗದ ಬಾಯಿ

ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುವವರು, ಬೆಳ್ತಂಗಡಿ ಪೇಟೆಯಲ್ಲಿ ಇಳಿಯುವವರು, ಮೂಡಬಿದ್ರೆಯಲ್ಲಿ ಬಸ್ಸು ಬದಲಿಸುವವರು ದಿನಾ ನೋಡುವ ಒಂದು ತೋರಣ ಉಂಟು. ಮಾವಿನೆಲೆಯದ್ದಲ್ಲ, ಮಿರಿಮಿರಿ ಮಿಂಚುವ ಪೊಟ್ಟಣಗಳದ್ದು. ಗೂಡಂಗಡಿಯ ಎದುರು ಒಂದು ಸಾಲು ಪಾನ್ ಮಸಾಲ, ಅದಕ್ಕೆ ತಾಗಿಕೊಂಡೇ ಇನ್ನೊಂದು ಸಾಲು ಹೊಗೆಸೊಪ್ಪಿನ ಪುಡಿ. ಗಿರಾಕಿ ಬಾಯಿ ಬಿಟ್ಟು ಹೆಸರು ಹೇಳಬೇಕೆಂದಿಲ್ಲ. ಎರಡು ಬೆರಳು ತೋರಿಸಿದರೆ ಅಂಗಡಿಯವ ಎರಡು ಸಾಲಿನಿಂದಲೂ ಒಂದೊಂದು ಹರಿದು ಕೊಡುತ್ತಾನೆ. ಗಿರಾಕಿ ಒಂದನ್ನು ಇನ್ನೊಂದಕ್ಕೆ ಸುರಿದು, ಕುಲುಕಿ, ಕೆನ್ನೆಯೊಳಗೆ ಇಟ್ಟುಕೊಂಡು ಬಸ್ಸು ಹತ್ತುತ್ತಾನೆ. ಇಳಿಯುವ ಹೊತ್ತಿಗೆ ಇನ್ನೊಂದು ಜೋಡಿಗೆ ಹೊತ್ತಾಗಿರುತ್ತದೆ.

ಕರ್ನಾಟಕದಲ್ಲಿ ಗುಟ್ಕಾ 2013ರ ಮೇ ತಿಂಗಳಲ್ಲೇ ನಿಷೇಧವಾಗಿದೆ. ಆದರೆ ಹೋದದ್ದು ಹೆಸರು ಮಾತ್ರ. ಆಗ ಕಾರ್ಖಾನೆಯಲ್ಲಿ ಬೆರೆಯುತ್ತಿದ್ದದ್ದು ಈಗ ಬಸ್‌ಸ್ಟ್ಯಾಂಡಿನಲ್ಲಿ ಬೆರೆಯುತ್ತದೆ, ಅಷ್ಟೇ ವ್ಯತ್ಯಾಸ. ಇದರ ಬಗ್ಗೆ ಊರಿನಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಯಾಕೆಂದರೆ ಆ ಪೊಟ್ಟಣದೊಳಗಿನ ಮುಖ್ಯ ವಸ್ತು ಇದೇ ಊರಿನ ತೋಟದ್ದು.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳಲ್ಲಿ ಅಡಿಕೆ ಎಂದರೆ ಬರೀ ಬೆಳೆಯಲ್ಲ. ಮಗಳ ಮದುವೆ ಅದು, ಮಗನ ಕಾಲೇಜು ಫೀಸು ಅದು, ಸೊಸೈಟಿಯ ಸಾಲದ ಕಂತು ಅದು. ಅಂಗಳದಲ್ಲಿ ಒಂದೂವರೆ ತಿಂಗಳು ಬಿಸಿಲಿಗೆ ಒಣಗಿ ಚಾಲಿಯಾದ ಅಡಿಕೆಗೆ ರೇಟು ಬಂದರೆ ಬಟ್ಟೆ ಅಂಗಡಿಯವನಿಗೂ ವ್ಯಾಪಾರ, ಚಿನ್ನದ ಅಂಗಡಿಯವನಿಗೂ ವ್ಯಾಪಾರ. ಹಾಗಾಗಿ ‘ಅಡಿಕೆ ಕ್ಯಾನ್ಸರ್‌ಕಾರಕ’ ಎಂಬ ಸುದ್ದಿ ಎಲ್ಲಿಯಾದರೂ ಅಚ್ಚಾದ ಕೂಡಲೇ ಗದ್ದಲ ಏಳುತ್ತದೆ. ವಿದೇಶಿ ಕಂಪೆನಿಗಳ ಪಿತೂರಿ ಎನ್ನುವವರು ಕೆಲವರು, ಹೊಗೆಸೊಪ್ಪಿನ ಪಾಪವನ್ನು ಅಡಿಕೆಯ ತಲೆಗೆ ಕಟ್ಟುತ್ತಿದ್ದಾರೆ ಎನ್ನುವವರು ಕೆಲವರು. ಮನವಿ ಕೊಡುತ್ತಾರೆ. ಮಂತ್ರಿಗಳು ಆಶ್ವಾಸನೆ ಕೊಡುತ್ತಾರೆ. ಹೊಸದಾಗಿ ಸಂಶೋಧನೆ ಮಾಡಿಸುತ್ತೇವೆಂದು ಕೇಂದ್ರ ಸರಕಾರವೂ ಹೇಳಿಯಾಗಿದೆ. ಎರಡು ವಾರ ಕಳೆದರೆ ಎಲ್ಲವೂ ತಣ್ಣಗೆ. ಇಷ್ಟೆಲ್ಲ ಗಲಾಟೆಯ ನಡುವೆ ಒಬ್ಬನೇ ಒಬ್ಬ ಗಿರಾಕಿಯ ಬಾಯಿಯನ್ನು ಯಾರೂ ತೆರೆಸಿ ನೋಡಿರುವುದಿಲ್ಲ.

ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಶುರುವಾದದ್ದು 1956ರಲ್ಲಿ. ಬೇರಿನಿಂದ ಸಿರಿಯ ತನಕ ಅಡಿಕೆ ಮರದ ವಿಷಯದಲ್ಲಿ ಅಲ್ಲಿ ತಿಳಿಯದ್ದು ಕಡಿಮೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಬಿಡಬೇಕು, ಎಷ್ಟು ಸುಣ್ಣ, ಎಷ್ಟು ಮೈಲುತುತ್ತು ಎಂಬುದು ಇಲ್ಲಿನ ಶಾಲೆ ಮಕ್ಕಳಿಗೂ ಗೊತ್ತು. ಅಡಿಕೆಗೆ ಬರುವ ರೋಗದ ಬಗ್ಗೆ ಇಷ್ಟು ಜಾಗ್ರತೆ ಇರುವ ಊರಿಗೆ, ಅಡಿಕೆಯಿಂದ ಬರುವ ರೋಗದ ಬಗ್ಗೆ ಕಿವಿ ಕೇಳಿಸುವುದಿಲ್ಲ ಎಂದರೆ ಅದು ಅಜ್ಞಾನವಲ್ಲ, ಹೆದರಿಕೆ.

ಹೆದರಿಕೆ ಬಿಟ್ಟು, ಹೇಳಿದ್ದು ಏನೆಂದು ಮೊದಲು ನೋಡುವುದು ಒಳ್ಳೆಯದು. ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಉಂಟು. ಯಾವ ವಸ್ತು ಕ್ಯಾನ್ಸರ್ ತರುತ್ತದೆ ಎಂದು ಜಗತ್ತಿನ ಸಂಶೋಧನೆಗಳನ್ನೆಲ್ಲ ಒಟ್ಟು ಹಾಕಿ ತೂಗುವುದು ಅದರ ಕೆಲಸ. 1985ರಲ್ಲಿ ಅದು ಹೇಳಿದ್ದು ಇಷ್ಟೇ: ಹೊಗೆಸೊಪ್ಪು ಹಾಕಿದ ಎಲೆಅಡಿಕೆ ಕ್ಯಾನ್ಸರ್ ತರುತ್ತದೆ; ಹೊಗೆಸೊಪ್ಪಿಲ್ಲದ್ದರ ಬಗ್ಗೆ ಪುರಾವೆ ಸಾಲದು. ಆಗ ಅಡಿಕೆಗೆ ಸಂಶಯದ ಲಾಭ ಸಿಕ್ಕಿತ್ತು. 2003ರಲ್ಲಿ ತಜ್ಞರು ಮತ್ತೊಮ್ಮೆ ಕುಳಿತರು. 2004ರಲ್ಲಿ ಅಚ್ಚಾದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಎಲೆಅಡಿಕೆಯೂ, ಬರೀ ಅಡಿಕೆಯೂ ಮೊದಲನೆಯ ಗುಂಪಿಗೆ ಹೋದುವು.

ಈ ‘ಮೊದಲನೆಯ ಗುಂಪು’ ಎಂಬ ಮಾತೇ ಊರಿನಲ್ಲಿ ಅರ್ಧ ಗಲಾಟೆಗೆ ಕಾರಣ. ಅದೇ ಗುಂಪಿನಲ್ಲಿ ಹೆಂಡ ಉಂಟು, ಬೀಡಿ-ಸಿಗರೇಟು ಉಂಟು, ಅಷ್ಟೇಕೆ, ಬಿಸಿಲೂ ಉಂಟು. ಹಾಗಂತ ಬಿಸಿಲಿಗೆ ಹೋಗಿ ಅಡಿಕೆ ಹರಡುವುದೂ ಅಡಿಕೆ ಜಗಿಯುವುದೂ ಸಮ ಎಂದಲ್ಲ. ಗುಂಪು ಹೇಳುವುದು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ, ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ‘ಇದು ಕ್ಯಾನ್ಸರ್ ತರಬಲ್ಲದು, ಅನುಮಾನ ಉಳಿದಿಲ್ಲ’ ಎಂಬಷ್ಟೇ ಅರ್ಥ. ಯಾರಿಗೆ, ಎಷ್ಟು ತಿಂದರೆ, ಎಷ್ಟು ವರ್ಷಕ್ಕೆ ಎಂಬುದು ಬೇರೆ ಲೆಕ್ಕ. ಆ ಲೆಕ್ಕವೇ ಪೇಟೆಯವರಿಗೆ ಮುಖ್ಯವಾದದ್ದು. ಅದನ್ನೇ ಯಾರೂ ಹೇಳುವುದಿಲ್ಲ.

ಬೆಳೆಗಾರರ ಮೊದಲ ವಾದ: ಅಪರಾಧಿ ಹೊಗೆಸೊಪ್ಪು, ಅಡಿಕೆ ಅಲ್ಲ. ಹೊಗೆಸೊಪ್ಪು ದೊಡ್ಡ ಅಪರಾಧಿ ಎಂಬುದರಲ್ಲಿ ಎರಡು ಮಾತಿಲ್ಲ. ತಿರುವಾಂಕೂರಿನ ನೆಯ್ಯೂರು ಆಸ್ಪತ್ರೆಯಲ್ಲಿದ್ದ ಓರ್ ಎಂಬ ವೈದ್ಯರು ಎಲೆಅಡಿಕೆ ಜಗಿಯುವವರ ಬಾಯಿಯ ಕ್ಯಾನ್ಸರಿನ ಬಗ್ಗೆ ಲಂಡನ್ನಿನ ಲಾನ್ಸೆಟ್ ಪತ್ರಿಕೆಯಲ್ಲಿ ಬರೆದದ್ದು 1933ರಲ್ಲಿ. ನಮ್ಮ ದೇಶದಲ್ಲಿ ಹೆಚ್ಚಿನವರು ಅಡಿಕೆಯ ಜತೆಗೆ ಹೊಗೆಸೊಪ್ಪನ್ನೂ ಹಾಕುವುದರಿಂದ, ಎರಡರಲ್ಲಿ ಕಚ್ಚಿದ ಹಾವು ಯಾವುದು ಎಂದು ಬೇರ್ಪಡಿಸಿ ಹೇಳುವುದು ಬಹಳ ಕಾಲ ಕಷ್ಟವಾಯಿತು. ತೈವಾನಿನಲ್ಲಿ ಆ ತೊಡಕಿಲ್ಲ. ಅಲ್ಲಿಯವರು ಹಸಿ ಅಡಿಕೆಗೆ ಸುಣ್ಣ ಸೇರಿಸಿ ಜಗಿಯುತ್ತಾರೆ, ಹೊಗೆಸೊಪ್ಪು ಹಾಕುವ ಪದ್ಧತಿಯೇ ಇಲ್ಲ. (ಮಾರ್ಗದ ಬದಿಯಲ್ಲಿ ಗಾಜಿನ ಗೂಡು ಕಟ್ಟಿ, ಅಲಂಕಾರ ಮಾಡಿಕೊಂಡ ಹುಡುಗಿಯರನ್ನು ಕೂರಿಸಿ ಲಾರಿ ಡ್ರೈವರುಗಳಿಗೆ ಅಡಿಕೆ ಮಾರುವ ಕ್ರಮ ಅಲ್ಲಿ ಇತ್ತು, ನಮ್ಮ ಗೂಡಂಗಡಿಯವರು ಇನ್ನೂ ಅಷ್ಟು ಮುಂದುವರಿದಿಲ್ಲ ಎಂಬುದೇ ಸಮಾಧಾನ.) ಆ ತೈವಾನಿನಲ್ಲಿ ಬಾಯಿಯ ಕ್ಯಾನ್ಸರ್ ವಿಪರೀತ. ಪಾಪುವಾ ನ್ಯೂಗಿನಿಯಲ್ಲೂ ಅದೇ ಕತೆ. ಅಲ್ಲಿಯವರು ಸುಣ್ಣವನ್ನು ಕೆನ್ನೆಯ ಒಂದು ಮೂಲೆಗೆ ತಾಗಿಸುತ್ತಾರೆ, ಕ್ಯಾನ್ಸರ್ ಎದ್ದದ್ದೂ ಹೆಚ್ಚಾಗಿ ಅದೇ ಮೂಲೆಯಲ್ಲಿ ಎಂದು 1992ರ ಲಾನ್ಸೆಟ್‌ನಲ್ಲಿ ಬಂದಿದೆ. ಹೀಗಾಗಿಯೇ ಅಡಿಕೆಗಿದ್ದ ಸಂಶಯದ ಲಾಭ ಹೋದದ್ದು. ಪಿತೂರಿಯಿಂದಲ್ಲ.

ಬಾಯೊಳಗೆ ಆಗುವುದೇನು? ಅಡಿಕೆಯಲ್ಲಿ ಅರೆಕೋಲಿನ್ ಎಂಬ ಸತ್ತ್ವ ಉಂಟು. ಅಡಿಕೆ ಹಾಕಿದ ಕೂಡಲೇ ಮೈ ಬೆಚ್ಚಗಾಗುವುದು, ಬೆವರುವುದು, ಸ್ವಲ್ಪ ಉಮೇದು ಬರುವುದು ಎಲ್ಲ ಅದರ ಕೆಲಸ. ಬಿಟ್ಟರೆ ಕಸಿವಿಸಿಯಾಗುವುದೂ ಅದರದ್ದೇ. ಸುಣ್ಣ ಸೇರಿದಾಗ ಈ ಸತ್ತ್ವ ಬೇಗ ಬಿಡುಗಡೆಯಾಗುತ್ತದೆ. ಜತೆಗೆ ಸುಣ್ಣದ ಖಾರಕ್ಕೆ ಅಡಿಕೆಯ ಒಗರು ಒಡೆದು, ಜೀವಕೋಶವನ್ನು ಸುಡುವಂಥ ಆಮ್ಲಜನಕದ ಕಣಗಳು ಹುಟ್ಟುತ್ತವೆ. ಎಂಜಲಿನಲ್ಲಿರುವ ನೈಟ್ರೈಟ್ ಅರೆಕೋಲಿನ್ ಜತೆ ಕೂಡಿ ನೈಟ್ರೋಸಮೈನ್ ಎಂಬ ಜಾತಿಯ ವಿಷಗಳಾಗುತ್ತವೆ. ಜಗಿಯುವವರ ಎಂಜಲಿನಲ್ಲೇ ಇವನ್ನು ಪತ್ತೆ ಮಾಡಿದ್ದಾರೆ. ಇವು ಜೀವಕೋಶದ ಡಿಎನ್‌ಎ ಎಂಬ ಜಾತಕಕ್ಕೆ ಅಂಟಿಕೊಂಡು ಅಲ್ಲಿನ ಅಕ್ಷರ ತಪ್ಪಿಸುತ್ತವೆ. ದೇಹ ಸುಮ್ಮನೆ ಕೂರುವುದಿಲ್ಲ, ತಪ್ಪನ್ನು ತಿದ್ದುತ್ತದೆ. ದಿನಕ್ಕೆ ಒಂದು ಸಲ ತಪ್ಪಾದರೆ ತಿದ್ದಬಹುದು. ದಿನವಿಡೀ, ಅದೇ ಜಾಗದಲ್ಲಿ, ಹತ್ತಿಪ್ಪತ್ತು ವರ್ಷ ತಪ್ಪುತ್ತಲೇ ಇದ್ದರೆ ಯಾವುದೋ ಒಂದು ತಪ್ಪು ತಿದ್ದದೆ ಉಳಿಯುತ್ತದೆ. ಅದರ ಮೇಲೆ ಇನ್ನೊಂದು. ‘ಬೆಳೆ, ನಿಲ್ಲು’ ಎಂಬ ಆಜ್ಞೆಯಲ್ಲಿ ‘ನಿಲ್ಲು’ ಎಂಬುದು ಅಳಿಸಿಹೋದ ಜೀವಕೋಶ ಬೆಳೆಯುತ್ತಲೇ ಹೋಗುತ್ತದೆ. ಅದಕ್ಕೇ ಕ್ಯಾನ್ಸರ್ ಎನ್ನುವುದು. ಕಾಲರಾದ ಹಾಗೆ ಇವತ್ತು ತಿಂದು ನಾಳೆ ಬರುವ ರೋಗವಲ್ಲ. ಲಂಡನ್ನಿನಲ್ಲಿ ಹೊಗೆಗೂಡು ಗುಡಿಸುತ್ತಿದ್ದವರಿಗೆ ಮಸಿಯಿಂದ ಕ್ಯಾನ್ಸರ್ ಬರುತ್ತದೆಂದು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ 1775ರಲ್ಲಿ ಹೇಳಿದಾಗಲೂ, ಮಸಿ ಮೆತ್ತಿದ್ದು ಬಾಲ್ಯದಲ್ಲಿ, ರೋಗ ಕಂಡದ್ದು ದೊಡ್ಡವರಾದ ಮೇಲೆ.

ಇಲ್ಲಿ ಒಂದು ನ್ಯಾಯದ ಮಾತು ಹೇಳಬೇಕು. ಅರೆಕೋಲಿನ್ ಒಂದನ್ನೇ ಬೇರೆ ತೆಗೆದು ನೋಡಿದಾಗ ಅದೇ ಲಿಯೋನ್ ಸಂಸ್ಥೆ ಅದನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಉಂಟು’ ಎಂಬ ಕೆಳಗಿನ ಗುಂಪಿನಲ್ಲಿಟ್ಟಿತು. ಅದನ್ನೇ ಹಿಡಿದುಕೊಂಡು ‘ನೋಡಿ, ಖುಲಾಸೆಯಾಯಿತು’ ಎನ್ನುವವರಿದ್ದಾರೆ. ಆದರೆ ಯಾರೂ ಬರೀ ಅರೆಕೋಲಿನ್ ಜಗಿಯುವುದಿಲ್ಲ. ಜಗಿಯುವುದು ಇಡೀ ಅಡಿಕೆ. ಅದರ ಮೇಲಿನ ತೀರ್ಪು ಬದಲಾಗಿಲ್ಲ.

ಕ್ಯಾನ್ಸರಿಗಿಂತ ಮೊದಲೇ ಬಾಯಿಗೆ ಬರುವ ಇನ್ನೊಂದು ವ್ಯಾಧಿ ಉಂಟು. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯ ಪೂರ್ವ ಆಫ್ರಿಕದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ ಅದನ್ನು ಗುರುತಿಸಿದ. ಮರುವರ್ಷ ಮುಂಬಯಿಯ ಡಾ. ಎಸ್.ಜಿ. ಜೋಶಿ ನಮ್ಮಲ್ಲೂ ಉಂಟೆಂದು ತೋರಿಸಿದರು. ಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ. ಮೀನುಸಾರು ಸೇರುವುದಿಲ್ಲ. ಆಮೇಲೆ ಕೆನ್ನೆಯ ಒಳಗಿನ ಚರ್ಮ ಬಿಳಿಚಿ, ಬಿಗಿದು, ಒಣಗಿದ ಹಾಳೆಯ ಹಾಗೆ ಗಡುಸಾಗುತ್ತದೆ. ಅಡಿಕೆಯಲ್ಲಿ ತಾಮ್ರದ ಅಂಶ ಜಾಸ್ತಿ. ಚರ್ಮದೊಳಗಿನ ಕೊಲಾಜೆನ್ ಎಂಬ ನಾರುಗಳನ್ನು ಒಂದಕ್ಕೊಂದು ಹೊಸೆದು ಬಿಗಿಯುವ ಕಿಣ್ವಕ್ಕೆ ತಾಮ್ರವೇ ಬಲ. ಜತೆಗೆ ಅರೆಕೋಲಿನ್ ನಾರು ಹುಟ್ಟಿಸುತ್ತಲೇ ಇರುತ್ತದೆ. ಹಳೆಯ ನಾರು ಕರಗುವುದಿಲ್ಲ, ಹೊಸದು ಹುಟ್ಟುವುದು ನಿಲ್ಲುವುದಿಲ್ಲ. ಕೊನೆಗೆ ಬಾಯಿಯೇ ತೆರೆಯುವುದಿಲ್ಲ. ಆರೋಗ್ಯವಂತ ಮನುಷ್ಯ ತನ್ನದೇ ಕೈಯ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ತೂರಿಸಬಲ್ಲ. ಈ ರೋಗ ಹಿಡಿದವನಿಗೆ ಎರಡು ಹೋದರೆ ಹೆಚ್ಚು. ಜಾಸ್ತಿಯಾದರೆ ಒಂದೂ ಹೋಗದು. ಅನ್ನದ ತುತ್ತಿಗೆ ಬಾಯಿ ಸಾಲುವುದಿಲ್ಲ.

ಪೊಟ್ಟಣ ಬಿಟ್ಟರೂ ಈ ಬಿಗಿತ ಹಿಂದೆ ಹೋಗುವುದು ಅಪರೂಪ. ಎರ್ನಾಕುಳಂ ಜಿಲ್ಲೆಯಲ್ಲಿ ಈ ರೋಗದ 66 ಮಂದಿಯನ್ನು 17 ವರ್ಷ ಕಾಲ ಬಿಡದೆ ಗಮನಿಸಿದಾಗ 5 ಮಂದಿಗೆ ಬಾಯಿಯ ಕ್ಯಾನ್ಸರ್ ಬಂತೆಂದು 1985ರಲ್ಲಿ ಪ್ರಕಟವಾಯಿತು. ಎರ್ನಾಕುಳಂ ಏನು ದೂರದ ಅಮೆರಿಕವಲ್ಲ, ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಇಳಿಯಬಹುದು.

ಎರಡನೆಯ ವಾದ ಎಲ್ಲರಿಗೂ ಬಾಯಿಪಾಠ: “ನಮ್ಮ ಅಜ್ಜಿ ತೊಂಬತ್ತು ವರ್ಷ ಎಲೆಅಡಿಕೆ ತಿಂದೇ ಬದುಕಿದರು, ಅವರಿಗೆಂತ ಆಗಿದೆ ಮಾರಾಯ್ರೆ?” ಅಜ್ಜಿಗೆ ಏನೂ ಆಗಿಲ್ಲ, ನಿಜ. ಹೊಗೆಸೊಪ್ಪು ತಿಂದವರೆಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ, ಬ್ರೇಕಿಲ್ಲದ ಬಸ್ಸೂ ಎಲ್ಲ ತಿರುವಿನಲ್ಲಿ ಉರುಳುವುದಿಲ್ಲ. ಆದರೆ ಅಜ್ಜಿ ತಿಂದದ್ದು ಎಂತದು? ಊಟವಾದ ಮೇಲೆ ಒಂದು ವೀಳ್ಯ. ಅದರಲ್ಲಿ ಎಲೆಯೇ ಹೆಚ್ಚು, ಅಡಿಕೆ ನಾಲ್ಕು ಹೋಳು. ವೀಳ್ಯದೆಲೆಯ ರಸಕ್ಕೆ ಜೀವಕೋಶದ ಹಾನಿ ತಡೆಯುವ ಗುಣ ಪ್ರಯೋಗಾಲಯದಲ್ಲಿ ಕಂಡುಬಂದದ್ದೂ ಉಂಟು. ಅಜ್ಜಿ ಜಗಿದು ಉಗುಳುತ್ತಿದ್ದರು, ಬಾಯಿ ತೊಳೆಯುತ್ತಿದ್ದರು. ಮೊಮ್ಮಗನ ಪೊಟ್ಟಣದಲ್ಲಿ ಎಲೆಯೇ ಇಲ್ಲ. ಒಣಗಿಸಿ ಪುಡಿ ಮಾಡಿದ ಅಡಿಕೆ, ಸುಣ್ಣ, ಕಾಚು, ಸುಗಂಧ. ಒಂದು ಮುಗಿದ ಮೇಲೆ ಇನ್ನೊಂದು, ಕೆನ್ನೆಗೆ ಬಿಡುವೇ ಇಲ್ಲ. ಹೈದರಾಬಾದಿನಲ್ಲಿ ಇವೆರಡನ್ನೂ ಹೋಲಿಸಿ ನೋಡಿದ ಅಧ್ಯಯನ 1996ರಲ್ಲಿ ಬಂತು. ಎಲೆಅಡಿಕೆ ತಿನ್ನುವವರಿಗೆ ಬಾಯಿ ಬಿಗಿಯುವ ರೋಗ ಸರಾಸರಿ ಎಂಟೂವರೆ ವರ್ಷಕ್ಕೆ ಬಂದರೆ, ಗುಟ್ಕಾ ತಿನ್ನುವವರಿಗೆ ಮೂರು ವರ್ಷದೊಳಗೇ ಬಂದಿತ್ತು. ಪಿಯುಸಿಗೆ ಸೇರುವಾಗ ಪೊಟ್ಟಣ ಶುರು ಮಾಡಿದ ಹುಡುಗ ಡಿಗ್ರಿ ಮುಗಿಸುವ ಮೊದಲೇ ಬಾಯಿ ಮುಚ್ಚಿಕೊಳ್ಳಬಹುದು.

ಅಜ್ಜಿಯ ಹೆಸರು ಹೇಳಿ ಮೊಮ್ಮಗನ ಪೊಟ್ಟಣವನ್ನು ಸಮರ್ಥಿಸುವುದು ಅಜ್ಜಿಗೂ ಅನ್ಯಾಯ. ಮದುವೆಯ ತಾಂಬೂಲ, ದೈವದ ಮುಂದಿಡುವ ಎಲೆಅಡಿಕೆ, ಇವುಗಳ ತಂಟೆಗೆ ವಿಜ್ಞಾನ ಬಂದೇ ಇಲ್ಲ. ಕೊಟ್ಟು ತೆಗೆದುಕೊಳ್ಳುವ ಅಡಿಕೆಯಿಂದ ಯಾರಿಗೂ ರೋಗ ಬಂದಿಲ್ಲ.

ಕಾನೂನಿನ ತಮಾಷೆ ನೋಡಬೇಕು. ಹೊಗೆಸೊಪ್ಪಿನ ವಸ್ತು ಮಾರಲು ಕನಿಷ್ಠ ವಯಸ್ಸು 18 ಇದ್ದದ್ದನ್ನು ಕರ್ನಾಟಕ 21ಕ್ಕೆ ಏರಿಸಿತು. ಆ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2025ರಲ್ಲಿ. ಶಾಲೆಯಿಂದ ನೂರು ಗಜದೊಳಗೆ ಮಾರಬಾರದು ಎಂಬುದು 2003ರಿಂದಲೇ ಉಂಟು. ಇದೆಲ್ಲ ಹೊಗೆಸೊಪ್ಪಿಗೆ. ಪಕ್ಕದಲ್ಲಿ ತೂಗುವ ಪಾನ್ ಮಸಾಲದ ಪೊಟ್ಟಣದಲ್ಲಿ ಹೊಗೆಸೊಪ್ಪು ಇಲ್ಲವಾದ್ದರಿಂದ ಅದು ಕಾನೂನಿನ ಕಣ್ಣಿಗೆ ಆಹಾರ! ಆರೋಗ್ಯಕ್ಕೆ ಹಾನಿಕರ ಎಂದು ಮೇಲೆ ಅಚ್ಚು ಹಾಕಿಸಿದರೆ ಮುಗಿಯಿತು, ಎಂಟನೆಯ ಕ್ಲಾಸಿನ ಹುಡುಗ ಬಂದು ಕೇಳಿದರೂ ಪೆಪ್ಪರಮಿಂಟಿನ ಹಾಗೆ ಕೊಡಬಹುದು. ಮುಂದೆ ಜೋಡಿ ಹಾಕುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ.

ಹೊಗೆಸೊಪ್ಪಿನ ಮಾತು ಬಂದಾಗ ಬೀಡಿಯನ್ನು ಬಿಡುವ ಹಾಗಿಲ್ಲ. ಈ ಮೂರು ತಾಲೂಕುಗಳಲ್ಲಿ ಸಾವಿರಾರು ಮನೆಗಳ ಜಗಲಿಯಲ್ಲಿ ಹೆಂಗಸರು ತಡ್ಪೆ ಮಡಿಲಲ್ಲಿಟ್ಟು ಬೀಡಿ ಕಟ್ಟಿಯೇ ಸಂಸಾರ ಎತ್ತಿದ್ದಾರೆ. ಸೇದದಿದ್ದರೂ ಸೊಪ್ಪಿನ ಧೂಳು ದಿನವಿಡೀ ಮೂಗಿಗೆ, ಕೈಗೆ. ಆ ಕತೆ ಇನ್ನೊಂದು ದಿನದ ಅಂಕಣದಷ್ಟು ಉಂಟು.

ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. “ನಾವು ಇಡದಿದ್ದರೆ ಆಚೆ ಅಂಗಡಿಯವ ಇಡುತ್ತಾನೆ, ಗಿರಾಕಿ ಚಾ ಕುಡಿಯುವುದೂ ಅಲ್ಲೇ” ಎಂಬ ಅವರ ಮಾತು ಸುಳ್ಳಲ್ಲ. ದಿನಕ್ಕೆ ಹದಿಮೂರು ಗಂಟೆ ಆ ತೋರಣದ ಕೆಳಗೇ ಕೂರುವ ಅವರಲ್ಲಿ ಎಷ್ಟೋ ಮಂದಿ ತಮ್ಮದೇ ಮಾಲಿನ ಗಿರಾಕಿಗಳು. ಬಸ್ಸಿನ ಡ್ರೈವರು, ಕಂಡಕ್ಟರು, ರಿಕ್ಷಾದವರು, ಲೋಡಿಂಗಿನವರು, ನಿದ್ದೆ ಬಿಡಿಸಲು, ಹಸಿವು ಮರೆಯಲು ಹಾಕುತ್ತಾರೆ. ಭಾರತದ ಗಂಡಸರಲ್ಲಿ ಕ್ಯಾನ್ಸರುಗಳ ಪೈಕಿ ಬಾಯಿಯದ್ದೇ ಮೊದಲ ಸ್ಥಾನದಲ್ಲಿದೆ. 2022ರಲ್ಲಿ ಜಗತ್ತಿನಲ್ಲಿ ಜಗಿಯುವ ಹೊಗೆಸೊಪ್ಪು ಮತ್ತು ಅಡಿಕೆಯಿಂದ ಬಂದ ಬಾಯಿಯ ಕ್ಯಾನ್ಸರ್ ಸುಮಾರು 1,20,200. ಅದರಲ್ಲಿ 83,400 ಭಾರತದ್ದೇ. ಲಿಯೋನಿನ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ಲೆಕ್ಕ ಇದು.

ಇಷ್ಟು ಹೇಳಿದರೆ ‘ಹಾಗಾದರೆ ತೋಟ ಕಡಿಯಬೇಕೋ’ ಎಂಬ ಪ್ರಶ್ನೆ ಬರುತ್ತದೆ. ಕಡಿಯಿರಿ ಎಂದು ಯಾರೂ ಹೇಳಿಲ್ಲ, ಹೇಳುವುದೂ ಸರಿಯಲ್ಲ. ಆದರೆ ಬಾಯಿ ಮುಚ್ಚಿ ಕೂತರೆ ತೋಟ ಉಳಿಯುತ್ತದೆ ಎಂಬುದೂ ಭ್ರಮೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆಗಳಿಗೆ ತಡೆ ಹಾಕಿತು. ಅಡಿಕೆಯ ಸತ್ತ್ವ ತಟ್ಟೆಯಿಂದ ಊಟಕ್ಕೆ ಇಳಿಯಬಹುದೆಂಬ ಕಾರಣಕ್ಕೆ. ಪ್ಲಾಸ್ಟಿಕ್ಕಿಗೆ ಬದಲಿಯೆಂದು ಸಾಲ ಮಾಡಿ ಯಂತ್ರ ಹಾಕಿದ ಇಲ್ಲಿನ ಸಣ್ಣ ಉದ್ಯಮದವರಿಗೆ ಬಿದ್ದ ಪೆಟ್ಟು ಅದು. ಪೆಟ್ಟು ಮುಂದೆಯೂ ಹೀಗೆಯೇ, ಹೇಳದೆ ಕೇಳದೆ ಬರುತ್ತದೆ. ಪೊಟ್ಟಣದ ಕಂಪೆನಿಯೊಂದನ್ನೇ ನೆಚ್ಚಿದ ಬೆಳೆಗೆ ಒಗರು, ಬಣ್ಣ, ಸಿಪ್ಪೆ ಎಂದು ಬೇರೆ ಉಪಯೋಗ ಹುಡುಕಲು ಸರಕಾರದಿಂದ ಹಣ ಕೇಳುವುದು, ಕಾಳುಮೆಣಸು, ಕೊಕ್ಕೋ ಜತೆಗಿಟ್ಟುಕೊಳ್ಳುವುದು ಬೆಳೆಗಾರರ ಸಂಘಟನೆಗಳಿಗೆ ಆಗದ ಕೆಲಸವಲ್ಲ. 1973ರಲ್ಲಿ ಅಡಿಕೆಗೆ ರೇಟು ಬಿದ್ದಾಗ ಕ್ಯಾಂಪ್ಕೊ ಕಟ್ಟಿದವರು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ನಿಲ್ಲಿಸಿದವರು ಇದೇ ಸೀಮೆಯ ರೈತರಲ್ಲವೇ?

ಹೊಸ ಸಂಶೋಧನೆ ಬೇಕಾದರೆ ಆಗಲಿ. ಅದರ ವರದಿ ಬರುವ ತನಕ ಬಾಯಿಗಳು ಕಾಯುವುದಿಲ್ಲ. ಬಾಯಿಯ ಕ್ಯಾನ್ಸರಿನಷ್ಟು ಸುಲಭವಾಗಿ ಕಣ್ಣಿಗೆ ಕಾಣುವ ಕ್ಯಾನ್ಸರ್ ಕಡಿಮೆ. ಎಕ್ಸ್‌ರೇ ಬೇಡ, ರಕ್ತ ಬೇಡ, ಒಂದು ಟಾರ್ಚು ಸಾಕು. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ಹೊಗೆಸೊಪ್ಪು, ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಅದರಿಂದಲೇ ಸುಮಾರು ಮೂರರಲ್ಲೊಂದು ಪಾಲು ಇಳಿಯಿತೆಂದು 2005ರಲ್ಲಿ ಗೊತ್ತಾಯಿತು. ಮೂವತ್ತು ದಾಟಿದವರ ಬಾಯಿ ಪರೀಕ್ಷೆ ಸರಕಾರಿ ಆರೋಗ್ಯ ಕೇಂದ್ರಗಳ ಕೆಲಸದ ಪಟ್ಟಿಯಲ್ಲೇ ಉಂಟು. ಕೇಳಿಕೊಂಡು ಹೋಗುವವರು ಬೇಕು. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಖಾರಕ್ಕೆ ಉರಿ, ಮೂರು ಬೆರಳು ಹೋಗದ ಬಾಯಿ, ಇವುಗಳಲ್ಲಿ ಒಂದಿದ್ದರೂ ಹಲ್ಲಿನ ಡಾಕ್ಟರಿಗೆ ತೋರಿಸಲು ತಡ ಮಾಡಬಾರದು. ಬಿಡಬೇಕೆಂದು ಮನಸ್ಸಿದ್ದು ಬಿಡಲಾಗದವರಿಗೆ 1800-11-2356 ಎಂಬ ಸರಕಾರಿ ನಂಬರು ಉಂಟು, ಫೋನು ಮಾಡಲು ಕಾಸಿಲ್ಲ.

ಈ ಮೂರು ತಾಲೂಕುಗಳ ಸೊಸೈಟಿಗಳ ಮಹಾಸಭೆ ಪ್ರತಿವರ್ಷ ಸಪ್ಟೆಂಬರಿನೊಳಗೆ ಆಗಲೇಬೇಕು. ಅಡಿಕೆ ಬೆಳೆಯುವವರು, ಕೊಳ್ಳುವವರು, ಅಂಗಡಿಯವರು ಎಲ್ಲರೂ ಒಂದೇ ಹಾಲಿನಲ್ಲಿ ಸೇರುವ ದಿನ ಅದೊಂದೇ. ಬಾಗಿಲಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿ ಚಾ ತಿಂಡಿಯ ಕೂಪನ್ನು ಕೊಡುವ ಮೇಜಿನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿ, ಮಂಗಳೂರಿನ ಯಾವುದಾದರೂ ದಂತ ಕಾಲೇಜಿನಿಂದ ಇಬ್ಬರು ಡಾಕ್ಟರನ್ನು ಟಾರ್ಚು ಸಮೇತ ಕರೆಸಿದರೆ ಸೊಸೈಟಿಗೆ ಬೀಳುವ ಖರ್ಚು ಕಾರಿನ ಬಾಡಿಗೆ ಮತ್ತು ಎರಡು ಊಟ. ಈ ಸಲದ ನೋಟೀಸು ಅಚ್ಚಿಗೆ ಕೊಡುವ ಮೊದಲು ನಿರ್ದೇಶಕರು ಕಾರ್ಯಸೂಚಿಯಲ್ಲಿ ಆ ಒಂದು ಸಾಲು ಸೇರಿಸಬಹುದು.